ಪರೀಕ್ಷೆಯ ನಿಯಮ ಯಾರನ್ನು ಕಟ್ಟಿಹಾಕುತ್ತದೆ?

ನಮ್ಮ ತಂಗಿಯ ಮಗಳು ಅಮೆರಿಕದ ವಿಶ್ವವಿದ್ಯಾನಿಲಯವೊಂದರ ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಕಳೆದ ವರ್ಷ ಅವಳು ಎರಡು ಪುಟಗಳ ಕಾಗದವೊಂದನ್ನು ನಮಗೆ ಕಳುಹಿಸಿದ್ದಳು. ಅದು ಅವರ ವಿಭಾಗದ ಲಿಖಿತ ಸಮಗ್ರ ಪರೀಕ್ಷೆಯ ನಿಯಮಾವಳಿ. ಪ್ರಶ್ನೆಪತ್ರಿಕೆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಇ-ಮೇಲ್‌ನಲ್ಲಿ ಬರುತ್ತದೆ. ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ಉತ್ತರ ತಲುಪಬೇಕು. ಮನೆಯಲ್ಲೇ ಕುಳಿತು ಬರೆಯಬಹುದು. ಪುಸ್ತಕ, ಟಿಪ್ಪಣಿ ಎಲ್ಲವನ್ನೂ ನೋಡಬಹುದು. ಆದರೆ ಪ್ರಶ್ನೆಗಳ ಬಗ್ಗೆ ಯಾರೊಂದಿಗೂ ಮಾತನಾಡುವಂತಿಲ್ಲ. ಕೃತಕ ಬುದ್ಧಿಮತ್ತೆಯ ನೆರವು ಪಡೆಯುವಂತಿಲ್ಲ. ಇಷ್ಟು ಪದಗಳ ಮಿತಿ ಮೀರುವಂತಿಲ್ಲ. ಇದೆಲ್ಲವನ್ನೂ ಪಾಲಿಸಿದ್ದೇನೆ ಎಂದು ಕೊನೆಯ ಪುಟದಲ್ಲಿ ಸಹಿ ಹಾಕಬೇಕು. ಅನುತ್ತೀರ್ಣರಾದರೆ ಇನ್ನೊಂದು ಅವಕಾಶವಿದೆ. ಎರಡನೆಯ ಬಾರಿಯೂ ಸೋತರೆ ಎಂ.ಎ. ಪದವಿ ಹಿಡಿದುಕೊಂಡು ಹೊರಬರಬೇಕು. ಹೊರದೇಶದಿಂದ ಹೋದವರಿಗೆ ವಿದ್ಯಾರ್ಥಿ ವೀಸಾದ ಆಸರೆಯೂ ಅದರೊಂದಿಗೆ ಹೋಗುತ್ತದೆ.

ಕಾಗದ ಕಳುಹಿಸಿದ ಮೇಲೆ ಅವಳು ಫೋನಿನಲ್ಲಿ ಕೇಳಿದ್ದು ಇಷ್ಟು: “ಮಾಮ, ಹಿಂದಿನ ವರ್ಷ ಪಾಸಾದ ಒಬ್ಬರು ತಮ್ಮ ಉತ್ತರಗಳನ್ನು ನನಗೆ ಕೊಟ್ಟಿದ್ದಾರೆ. ಅದನ್ನು ಓದಬಾರದೆಂದು ನಿಯಮದಲ್ಲಿ ಇಲ್ಲ, ಓದಬಹುದೆಂದೂ ಇಲ್ಲ. ಇಲ್ಲಿ ಬಹಳ ಮಂದಿಯ ಕೈಯಲ್ಲಿ ಇಂಥದ್ದು ಇದೆ. ನಾನು ಓದಬಹುದಾ?”

ಹಲವು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಪರೀಕ್ಷಾ ಕೊಠಡಿಗಳಲ್ಲಿ ಅಡ್ಡಾಡಿ, ಚೀಟಿ ಹಿಡಿದು, ನೂರಾರು ಉತ್ತರ ಪತ್ರಿಕೆಗಳನ್ನು ತಿದ್ದಿದ ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ದಿನ ಸಮಯ ಕೇಳಿದೆವು. ಆ ಎರಡು ದಿನಗಳಲ್ಲಿ ಶುರುವಾದ ಯೋಚನೆಯೇ ಈ ಬರಹ.

ಮೊದಲು ಪರೀಕ್ಷೆಯ ಬಗ್ಗೆ ಎರಡು ಮಾತು. ಅಮೆರಿಕದಲ್ಲಿ ಪಿಎಚ್.ಡಿ. ಪದವಿಯನ್ನು ಮೊದಲು ಕೊಟ್ಟದ್ದು ಯೇಲ್ ವಿಶ್ವವಿದ್ಯಾನಿಲಯ, 1861ರಲ್ಲಿ, ಮೂವರಿಗೆ. ಅಲ್ಲಿ ಈಗ ರೂಢಿಯಲ್ಲಿರುವ ಕ್ರಮದಲ್ಲಿ ವಿದ್ಯಾರ್ಥಿ ಮೊದಲ ಎರಡು ಮೂರು ವರ್ಷ ತರಗತಿಗಳಲ್ಲಿ ಕುಳಿತು ಓದುತ್ತಾನೆ. ಬಳಿಕ ಮಹಾಪ್ರಬಂಧಕ್ಕೆ ಕೈ ಹಾಕುವ ಮೊದಲು ತನ್ನ ವಿಷಯದ ಇಡೀ ಹರವನ್ನು ಬಲ್ಲೆನೆಂದು ತೋರಿಸಬೇಕು. ಇತಿಹಾಸದಂಥ ವಿಷಯದಲ್ಲಿ ಇದಕ್ಕಾಗಿ ನೂರಾರು ಪುಸ್ತಕಗಳ ಪಟ್ಟಿಯನ್ನು ಓದಬೇಕಾಗುತ್ತದೆ. ಕೆಲವು ಕಡೆ ಇದನ್ನು ‘ಕಾಂಪ್ಸ್’ ಎನ್ನುತ್ತಾರೆ, ಕೆಲವು ಕಡೆ ‘ಕ್ವಾಲಿಫೈಯಿಂಗ್’, ಇನ್ನು ಕೆಲವು ಕಡೆ ‘ಜನರಲ್ಸ್’. ಇದನ್ನು ದಾಟಿ ಪ್ರಬಂಧ ಮುಗಿಸಲಾಗದೆ ಉಳಿದವರಿಗೆ ‘ಎಬಿಡಿ’ ಎಂಬ ಹೆಸರೂ ಉಂಟು. ಪ್ರಬಂಧವೊಂದನ್ನು ಬಿಟ್ಟು ಉಳಿದೆಲ್ಲ ಮುಗಿಸಿದವರು ಎಂದು ಅದರ ಅರ್ಥ.

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಇಂಥ ಪರೀಕ್ಷೆ ಇಲ್ಲ. ಅಲ್ಲಿ ಪ್ರಬಂಧ ಮತ್ತು ಅದರ ಮೇಲಿನ ಮೌಖಿಕ ಪರೀಕ್ಷೆಯೇ ಎಲ್ಲ. ನಾವು ಬಹುಕಾಲ ನಡೆದದ್ದು ಆ ದಾರಿಯಲ್ಲಿ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳಂಥ ಕಡೆ ಸಮಗ್ರ ಪರೀಕ್ಷೆ ಇದೆ. ಉಳಿದ ವಿಶ್ವವಿದ್ಯಾನಿಲಯಗಳಿಗೆ ಯುಜಿಸಿ 2009ರ ನಿಯಮಾವಳಿಯ ಮೂಲಕ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. 2016ರಲ್ಲಿ ಅದರಲ್ಲಿ ಶೇ. 55 ಅಂಕ ಅಥವಾ ತತ್ಸಮಾನ ಗ್ರೇಡ್ ಬೇಕೆಂದಿತು. 2022ರಲ್ಲಿ ಕನಿಷ್ಠ 12 ಕ್ರೆಡಿಟ್ ಎಂದು ಗೊತ್ತುಮಾಡಿತು. ಹೀಗೆ ನಮ್ಮ ಸಂಶೋಧನಾ ವಿದ್ಯಾರ್ಥಿಗಳೂ ಪ್ರಬಂಧಕ್ಕೆ ಮೊದಲು ಒಂದು ಬರವಣಿಗೆಯ ಪರೀಕ್ಷೆಯನ್ನು ದಾಟುತ್ತಿದ್ದಾರೆ. ಆದ್ದರಿಂದ ತಂಗಿಯ ಮಗಳ ಪ್ರಶ್ನೆ ಸಮುದ್ರದಾಚೆಯ ಪ್ರಶ್ನೆ ಮಾತ್ರ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಎಂ.ಎ. ಮುಗಿಸಿ, ಪ್ರಾಯ ಮೂವತ್ತರ ಹತ್ತಿರ ಬಂದವರಿಗೆ ಮತ್ತೊಂದು ಪರೀಕ್ಷೆ ಏಕೆ ಎಂದು ಕೇಳುವವರಿದ್ದಾರೆ. ಪ್ರಬಂಧವೇ ಸಾಲದೇ? ಸಾಲದು ಎಂಬುದಕ್ಕೆ ನಮಗೆ ಒಂದೇ ಒಂದು ಸಮರ್ಥ ಕಾರಣ ಕಾಣುತ್ತದೆ. ಪ್ರಬಂಧ ಒಂದು ಸಣ್ಣ ಪ್ರಶ್ನೆಯನ್ನು ಆಳವಾಗಿ ಅಗೆಯುತ್ತದೆ. ಆದರೆ ಡಾಕ್ಟರೇಟ್ ಪಡೆದವನು ನಾಳೆ ತರಗತಿಯಲ್ಲಿ ಪಾಠ ಮಾಡುವುದು ಆ ಸಣ್ಣ ಪ್ರಶ್ನೆಯ ಬಗ್ಗೆ ಅಲ್ಲ. ಅವನೆದುರು ಕುಳಿತ ಹದಿನೆಂಟರ ಹುಡುಗರು ಅವನು ಹೇಳಿದ್ದನ್ನೆಲ್ಲ ನಂಬುತ್ತಾರೆ. ಆ ನಂಬಿಕೆಗೆ ಆಧಾರವಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ವಿಶ್ವವಿದ್ಯಾನಿಲಯದ ಕೆಲಸ. ನಮ್ಮ ಹಿರಿಯರು ಇದಕ್ಕೆ ಅಮಾನತ್ ಎಂಬ ಪದ ಬಳಸುತ್ತಿದ್ದರು. ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟದ್ದು ಅಮಾನತ್. ವಿದ್ಯೆ ಅಂಥದ್ದು.

ಈ ತಿಳಿವು ಇಸ್ಲಾಮೀ ವಿದ್ಯಾಪರಂಪರೆಗೆ ಹೊಸತಲ್ಲ. ಮದ್ರಸಗಳಲ್ಲಿ ಕಲಿತವನಿಗೆ ಪಾಠ ಹೇಳಲು, ಫತ್ವಾ ನೀಡಲು ಗುರು ಕೊಡುತ್ತಿದ್ದ ಅನುಮತಿಗೆ ಇಜಾಝತ್ ಎಂದು ಹೆಸರು. ಯುರೋಪಿನ ಡಾಕ್ಟರೇಟ್ ಪದವಿಯ ಬೇರು ಈ ಇಜಾಝತ್‌ನಲ್ಲಿದೆ ಎಂದು ಇತಿಹಾಸಕಾರ ಜಾರ್ಜ್ ಮಕ್ದಿಸಿ ವಾದಿಸಿದ್ದರು. ಮಧ್ಯಯುಗದ ಬಗ್ದಾದಿನ ಮದ್ರಸಗಳನ್ನು ಕುರಿತ ಅವರ ದೊಡ್ಡ ಅಧ್ಯಯನ ಪ್ರಕಟವಾದದ್ದು 1981ರಲ್ಲಿ. ಈ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಇಜಾಝತ್‌ನಲ್ಲಿ ಒಂದು ವಿಶೇಷವಿತ್ತು. ಅದನ್ನು ಕೊಡುತ್ತಿದ್ದುದು ಸಂಸ್ಥೆಯಲ್ಲ, ಒಬ್ಬ ಗುರು, ತನ್ನ ಸ್ವಂತ ಹೆಸರಿನಲ್ಲಿ. ಅನರ್ಹನಿಗೆ ಕೊಟ್ಟರೆ ಗುರುವಿನ ಹೆಸರೂ ಕೆಡುತ್ತಿತ್ತು. ನಮ್ಮ ಕರಾವಳಿಯ ಪಳ್ಳಿ ದರ್ಸ್‌ಗಳಲ್ಲಿ ಉಸ್ತಾದರ ಮುಂದೆ ಕುಳಿತು ಕಿತಾಬನ್ನು ಸಾಲು ಸಾಲಾಗಿ ಓದಿ ಒಪ್ಪಿಸುವ ಕ್ರಮದಲ್ಲೂ ಇದೇ ಇದೆ. ಶಿಷ್ಯ ತಪ್ಪಿದಲ್ಲಿ ಉಸ್ತಾದರು ತಡೆಯಲೇಬೇಕು. ತಡೆಯದಿದ್ದರೆ ಆ ತಪ್ಪು ಅವರದ್ದೂ ಹೌದು.

ಇನ್ನು ನಿಯಮಗಳಿಗೆ ಬರೋಣ. ಪುಸ್ತಕ ಮುಚ್ಚಿ ಬರೆಯಬೇಕೇ, ತೆರೆದು ಬರೆಯಬಹುದೇ ಎಂಬುದು ಹಳೆಯ ಜಗಳ. ಇಲ್ಲಿ ಇಮಾಮ್ ಗಝ್ಝಾಲಿಯವರ ಯೌವನದ ಕತೆಯೊಂದು ನೆನಪಾಗುತ್ತದೆ. ಜುರ್ಜಾನಿನಲ್ಲಿ ಕಲಿತು ತಮ್ಮ ಊರು ತೂಸಿಗೆ ಮರಳುವಾಗ ದರೋಡೆಕೋರರು ಅವರ ಎಲ್ಲವನ್ನೂ ಕಸಿದುಕೊಂಡರಂತೆ. ಬೇರೇನೂ ಬೇಡ, ನನ್ನ ಟಿಪ್ಪಣಿಗಳ ಚೀಲವನ್ನಾದರೂ ಕೊಡಿ, ನನ್ನ ವಿದ್ಯೆಯೆಲ್ಲ ಅದರಲ್ಲಿದೆ ಎಂದು ಅವರು ಬೇಡಿಕೊಂಡರು. ಚೀಲ ಹೋದೊಡನೆ ಹೋಗುವುದಾದರೆ ಅದೆಂಥ ವಿದ್ಯೆ ಎಂದು ದರೋಡೆಕೋರರ ನಾಯಕ ನಕ್ಕುಬಿಟ್ಟ. ಚೀಲ ಮರಳಿ ಸಿಕ್ಕಿತು. ಗಝ್ಝಾಲಿಯವರು ಮಾತ್ರ ಊರಿಗೆ ಬಂದು ಮೂರು ವರ್ಷ ಕುಳಿತು ಆ ಟಿಪ್ಪಣಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡರು.

ಪುಸ್ತಕ ಮುಚ್ಚಿ ಬರೆಸುವ ಪರೀಕ್ಷೆ ಆ ದರೋಡೆಕೋರನ ಪ್ರಶ್ನೆಯನ್ನೇ ಕೇಳುತ್ತದೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಗಝ್ಝಾಲಿಯವರು ದೊಡ್ಡ ಚಿಂತಕರಾದದ್ದು ಬಾಯಿಪಾಠದಿಂದಲ್ಲ. ಕಲಿತದ್ದನ್ನು ಸಂಶಯದಿಂದ ನೋಡಿ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ತೂಗಿದ್ದರಿಂದ. ಆ ತೂಗುವ ಶಕ್ತಿಯನ್ನು ಅಳೆಯಲು ಮೂರು ದಿನ ಕೊಟ್ಟು, ಪುಸ್ತಕ ತೆರೆಸಿ ಬರೆಸುವುದೇ ಮೇಲು. ಎರಡರಲ್ಲಿ ಯಾವುದೂ ತನ್ನಷ್ಟಕ್ಕೆ ಪವಿತ್ರವಲ್ಲ. ಯಾವ ಗುಣವನ್ನು ನೋಡಬೇಕೆಂದು ಮೊದಲು ತೀರ್ಮಾನಿಸಿ ಬಳಿಕ ನಿಯಮ ಮಾಡಿದರೆ ಅದಕ್ಕೆ ಅರ್ಥ ಬರುತ್ತದೆ. ನಮ್ಮ ಅನೇಕ ಕೋರ್ಸ್‌ವರ್ಕ್ ಪರೀಕ್ಷೆಗಳಲ್ಲಿ ಈ ತೀರ್ಮಾನವೇ ಕಾಣುವುದಿಲ್ಲ. ಪದವಿ ತರಗತಿಯ ಪ್ರಶ್ನೆಪತ್ರಿಕೆಯ ಮಾದರಿಯನ್ನೇ ಸಂಶೋಧಕರ ಮುಂದೆ ಇಡುತ್ತೇವೆ. ಅವರೂ ಪದವಿ ವಿದ್ಯಾರ್ಥಿಗಳಂತೆಯೇ ಬರೆದು ಏಳುತ್ತಾರೆ.

ಎರಡನೆಯ ಪ್ರಶ್ನೆ ಕಾವಲಿನದು. ಪರೀಕ್ಷೆಯ ಕಾವಲನ್ನು ಅತ್ಯಂತ ಬಿಗಿಯಾಗಿ ನಡೆಸಿದ್ದು ಬಹುಶಃ ಚೀನಾದ ಸಾಮ್ರಾಜ್ಯಶಾಹಿ. ಅಲ್ಲಿನ ಅಧಿಕಾರಿಗಳ ಆಯ್ಕೆಯ ಪರೀಕ್ಷೆಗೆ ಬಂದವರ ಮೈ ತಡಕಿ ಒಳಗೆ ಬಿಡುತ್ತಿದ್ದರು. ಒಬ್ಬೊಬ್ಬನನ್ನು ಒಂದೊಂದು ಇಕ್ಕಟ್ಟಾದ ಗೂಡಿನಲ್ಲಿ ಕೂರಿಸುತ್ತಿದ್ದರು. 1905ರಲ್ಲಿ ಆ ಪದ್ಧತಿ ರದ್ದಾಯಿತು. ಇದಕ್ಕೆ ತೀರಾ ವಿರುದ್ಧವಾದುದನ್ನು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ 1893ರಲ್ಲಿ ಆರಂಭಿಸಿದರು. ವಿದ್ಯಾರ್ಥಿಗಳು ನಕಲು ಮಾಡುವುದಿಲ್ಲವೆಂದು ಮಾತು ಕೊಟ್ಟರು, ಅಧ್ಯಾಪಕರು ಕೊಠಡಿಯಿಂದ ಹೊರಗೆ ನಡೆದರು. ಸ್ಟ್ಯಾನ್‌ಫರ್ಡ್‌ನಲ್ಲಿ 1921ರಲ್ಲಿ ಅಂಥದ್ದೇ ಒಪ್ಪಂದವಾಯಿತು. ಆದರೆ ನೂರು ವರ್ಷಗಳ ಬಳಿಕ, 2023ರಲ್ಲಿ, ಅದೇ ಸ್ಟ್ಯಾನ್‌ಫರ್ಡ್ ಪ್ರಾಯೋಗಿಕವಾಗಿ ಪರೀಕ್ಷಾ ಕೊಠಡಿಗೆ ಮೇಲ್ವಿಚಾರಕರನ್ನು ಮರಳಿ ತರಲು ಒಪ್ಪಬೇಕಾಯಿತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಮನೆಯಲ್ಲಿ ಕುಳಿತು ಬರೆಯುವ ಪರೀಕ್ಷೆಯ ಕಾವಲು ಇನ್ನೂ ಕಠಿಣವಾಗಿದೆ.

ಯಾರೂ ನೋಡದಿರುವಾಗ ನಿಯಮ ಪಾಲಿಸುವವನೇ ನಿಜವಾಗಿ ಪಾಲಿಸುವವನು ಎಂದು ಎಲ್ಲ ಧರ್ಮಗಳೂ ಹೇಳಿವೆ. ಪ್ರವಾದಿ(ಸ)ಯವರು ಇಹ್ಸಾನ್ ಎಂದರೇನೆಂದು ವಿವರಿಸಿದ್ದೂ ಹಾಗೆಯೇ. ಅಲ್ಲಾಹನು ಕಣ್ಣೆದುರಿಗೆ ಇದ್ದಾನೆಂಬಂತೆ ಆರಾಧಿಸುವುದು, ನಮಗೆ ಕಾಣದಿದ್ದರೂ ಅವನಿಗೆ ನಾವು ಕಾಣುತ್ತೇವೆಂಬ ಅರಿವಿನಲ್ಲಿರುವುದು. ರಮಝಾನಿನ ಉಪವಾಸಕ್ಕೆ ಯಾವ ಮೇಲ್ವಿಚಾರಕನಿದ್ದಾನೆ? ಬಾಗಿಲು ಹಾಕಿಕೊಂಡು ಒಂದು ಲೋಟ ನೀರು ಕುಡಿದರೆ ಕೇಳುವವರಿಲ್ಲ. ಆದರೂ ಹತ್ತು ವರ್ಷದ ಮಗು ಕೂಡ ಕುಡಿಯುವುದಿಲ್ಲ.

ಆದರೆ ಈ ಮಾತನ್ನು ಹೇಳಿ ಕಾವಲೇ ಬೇಡವೆನ್ನುವುದು ಸುಲಭದ ಧರ್ಮೋಪದೇಶವಾಗುತ್ತದೆ. ಉಪವಾಸ ಮುರಿದವನು ತನಗಷ್ಟೇ ನಷ್ಟ ಮಾಡಿಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಮೋಸ ಮಾಡಿದವನು ಪಕ್ಕದವನ ಪಾಲನ್ನೂ ಕೀಳುತ್ತಾನೆ. ಪ್ರಾಮಾಣಿಕನು ಮೂರ್ಖನಾಗದಂತೆ ನೋಡಿಕೊಳ್ಳಲು ನಿಯಮ ಬೇಕು, ಸ್ವಲ್ಪ ಕಾವಲೂ ಬೇಕು. ಕಾವಲೇ ಎಲ್ಲವೂ ಆದಾಗ ಬೇರೊಂದು ಅಪಾಯವಿದೆ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮ ತಂದು, ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲವೆಂದಿತು. ಉದ್ದೇಶ ಒಳ್ಳೆಯದೇ. ಆದರೆ ಇದು ನನ್ನ ಮಾತೇ, ಇನ್ನೊಬ್ಬರದೇ ಎಂದು ಕೇಳಿಕೊಳ್ಳಬೇಕಾದ ಸಂಶೋಧಕ, ಶೇಕಡಾವಾರು ಹತ್ತಕ್ಕಿಂತ ಕೆಳಗೆ ಇಳಿಸುವುದು ಹೇಗೆ ಎಂದು ಕೇಳತೊಡಗಿದ. ಪದ ಬದಲಿಸಿದರೆ ಲೆಕ್ಕ ಸರಿಯಾಗುತ್ತದೆ. ಕದ್ದದ್ದು ಕದ್ದದ್ದಾಗಿಯೇ ಉಳಿಯುತ್ತದೆ.

ಇಷ್ಟರವರೆಗೆ ನಾವು ವಿದ್ಯಾರ್ಥಿಯ ಕಡೆಯಿಂದ ಮಾತ್ರ ನೋಡಿದೆವು. ತಂಗಿಯ ಮಗಳು ಕಳುಹಿಸಿದ ಎರಡು ಪುಟಗಳನ್ನು ಮತ್ತೆ ಓದಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಅದರಲ್ಲಿದ್ದ ಬಹುತೇಕ ಎಲ್ಲ ವಾಕ್ಯಗಳ ಕರ್ತೃ ‘ವಿದ್ಯಾರ್ಥಿ’. ವಿದ್ಯಾರ್ಥಿ ಬರೆಯತಕ್ಕದ್ದು, ಒಪ್ಪಿಸತಕ್ಕದ್ದು, ಮಾತನಾಡತಕ್ಕದ್ದಲ್ಲ. ಪರೀಕ್ಷಕರು ಏನು ಮಾಡತಕ್ಕದ್ದು ಎಂದು ಹುಡುಕಿದರೆ ಒಂದೇ ಸಾಲು ಸಿಕ್ಕಿತು: ಫಲಿತಾಂಶವನ್ನು ಸಮಿತಿ ತಿಳಿಸುತ್ತದೆ. ಯಾವಾಗ, ಯಾವ ಕಾರಣದೊಂದಿಗೆ ಎಂಬುದಿಲ್ಲ. ನಾವು ಸ್ವತಃ ಬರೆದ, ಸಹಿ ಹಾಕಿದ ಪರೀಕ್ಷಾ ಸೂಚನೆಗಳನ್ನು ನೆನೆಸಿಕೊಂಡೆವು. ಅವೂ ಹಾಗೆಯೇ ಇದ್ದವು ಎಂದು ಒಪ್ಪಿಕೊಳ್ಳಬೇಕು.

ನಮ್ಮ ದೇಶದಲ್ಲಿ ಸಂಶೋಧನೆಯ ಬಾಗಿಲಿನಲ್ಲೇ ಇರುವ ಪರೀಕ್ಷೆ ಯುಜಿಸಿ-ನೆಟ್. 2024ರ ಜೂನ್ 18ರಂದು ಸುಮಾರು ಒಂಬತ್ತು ಲಕ್ಷ ಮಂದಿ ಅದನ್ನು ಬರೆದರು. ಮೈ ತಪಾಸಣೆ, ಗುರುತಿನ ಚೀಟಿ, ನಿಗದಿತ ಸಮಯಕ್ಕೆ ಮುಚ್ಚುವ ಗೇಟು, ಎಲ್ಲಕ್ಕೂ ಅವರು ತಲೆಬಾಗಿದ್ದರು. ಮರುದಿನವೇ ಪರೀಕ್ಷೆಯ ವಿಶ್ವಾಸಾರ್ಹತೆಗೆ ಧಕ್ಕೆಯಾಗಿರಬಹುದೆಂದು ಅದನ್ನು ರದ್ದು ಮಾಡಲಾಯಿತು. ನಿಯಮ ಪಾಲಿಸಿದವರು ಮತ್ತೊಮ್ಮೆ ರೈಲು ಹತ್ತಿ, ಮತ್ತೊಮ್ಮೆ ಬರೆಯಬೇಕಾಯಿತು. ಒಬ್ಬ ಅಭ್ಯರ್ಥಿ ಹತ್ತು ನಿಮಿಷ ತಡವಾಗಿ ಬಂದರೆ ಒಂದು ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ವ್ಯವಸ್ಥೆಯೇ ಎಡವಿದಾಗ ಕಳೆದುಕೊಳ್ಳುವವನೂ ಅವನೇ.

ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂದೂ, ಜನರ ನಡುವೆ ತೀರ್ಪು ನೀಡುವಾಗ ನ್ಯಾಯ ಪಾಲಿಸಬೇಕೆಂದೂ ಕುರ್‌ಆನ್ ಒಂದೇ ಸೂಕ್ತದಲ್ಲಿ ಜೊತೆಯಾಗಿ ಆದೇಶಿಸುತ್ತದೆ. ವಿದ್ಯೆ ಅಮಾನತ್ ಎಂದು ವಿದ್ಯಾರ್ಥಿಗೆ ಹೇಳುವವರು ತೀರ್ಪುಗಾರರಾಗಿ ತಮ್ಮ ಮೇಲಿರುವ ಹೊಣೆಯನ್ನು ಮರೆಯುವಂತಿಲ್ಲ. ಒಂದೇ ಕಡೆಯವರನ್ನು ಕಟ್ಟುವ ನಿಯಮವನ್ನು ಅಪ್ಪಣೆ ಎನ್ನಬಹುದು. ಎರಡೂ ಕಡೆಯವರನ್ನು ಕಟ್ಟಿದಾಗ ಮಾತ್ರ ಅದು ಒಪ್ಪಂದವಾಗುತ್ತದೆ. ಸಹಿ ಹಾಕಿಸಿಕೊಳ್ಳುವ ಹಕ್ಕು ಒಪ್ಪಂದಕ್ಕೆ ಮಾತ್ರ ಇದೆ ಎಂದು ನಮಗನಿಸುತ್ತದೆ.

ಹಾಗಾದರೆ ಪರೀಕ್ಷಕರನ್ನು ಕಟ್ಟುವ ನಿಯಮಗಳು ಯಾವುವು? ಯಾವ ಪುಸ್ತಕಗಳಿಂದ ಪ್ರಶ್ನೆ ಬರುತ್ತದೆಂದು ತಿಂಗಳುಗಳ ಮೊದಲೇ ಲಿಖಿತವಾಗಿ ಒಪ್ಪಿಕೊಂಡು, ಬಳಿಕ ಬದಲಿಸದಿರುವುದು. ಗೊತ್ತಾದ ದಿನದೊಳಗೆ ಓದಿ ಮುಗಿಸುವುದು. ಅನುತ್ತೀರ್ಣ ಎಂದಾಗ ಕಾರಣವನ್ನು ಬರೆದು ಕೊಡುವುದು. ಇಬ್ಬರು ಪ್ರಾಧ್ಯಾಪಕರ ನಡುವಿನ ಹಗೆಯನ್ನು ಅವರಲ್ಲೊಬ್ಬರ ಶಿಷ್ಯನ ಉತ್ತರ ಪತ್ರಿಕೆಯ ಮೇಲೆ ತೀರಿಸದಿರುವುದು. ಸೋಂಗ್ ರಾಜವಂಶದ ಕಾಲದಲ್ಲಿ ಚೀನೀಯರು ಉತ್ತರ ಪತ್ರಿಕೆಯ ಹೆಸರನ್ನು ಮುಚ್ಚುತ್ತಿದ್ದರು. ಕೈಬರಹದ ಗುರುತೂ ಸಿಗದಂತೆ ಗುಮಾಸ್ತರಿಂದ ಪ್ರತಿ ಮಾಡಿಸಿ ಪರೀಕ್ಷಕರಿಗೆ ಕೊಡುತ್ತಿದ್ದರು. ಮೈ ತಡಕಿದವರೇ ಪರೀಕ್ಷಕನ ಪಕ್ಷಪಾತವನ್ನೂ ಶಂಕಿಸಿದ್ದರು ಎಂಬುದು ಮುಖ್ಯ. ಐದಾರು ವಿದ್ಯಾರ್ಥಿಗಳಿರುವ ವಿಭಾಗದಲ್ಲಿ ಹೆಸರು ಮುಚ್ಚಿದರೂ ಯಾರ ಉತ್ತರವೆಂದು ತಿಳಿಯುತ್ತದೆ. ಅಲ್ಲಿ ಲಿಖಿತ ಕಾರಣವೊಂದೇ ರಕ್ಷಣೆ.

ಎಲ್ಲರಿಗೂ ಒಂದೇ ನಿಯಮ ಎಂಬ ಮಾತನ್ನೂ ಸ್ವಲ್ಪ ಪರಿಶೀಲಿಸಬೇಕು. ಬರೆಯಲು ತೊಂದರೆ ಇರುವ ಅಂಗವಿಕಲರಿಗೆ ಗಂಟೆಗೆ ಕನಿಷ್ಠ ಇಪ್ಪತ್ತು ನಿಮಿಷ ಹೆಚ್ಚುವರಿ ಕೊಡಬೇಕೆಂದು ನಮ್ಮ ಸರಕಾರದ ಮಾರ್ಗಸೂಚಿ ಹೇಳುತ್ತದೆ. ಅದನ್ನು ರಿಯಾಯಿತಿ ಎಂದು ಯಾರೂ ತಿಳಿಯಬಾರದು. ಅಳೆಯಬೇಕಾದದ್ದು ಕೈಯ ವೇಗವನ್ನಲ್ಲ ಎಂಬ ತಿಳಿವು ಅದು. ಕನ್ನಡ ಮಾಧ್ಯಮದಲ್ಲಿ ಕಲಿತು ಇಂಗ್ಲಿಷಿನಲ್ಲಿ ಬರೆಯಬೇಕಾದ ಹುಡುಗಿಗೂ, ಇಂಗ್ಲಿಷಿನಲ್ಲೇ ಕನಸು ಕಾಣುವ ಸಹಪಾಠಿಗೂ ನಾಲ್ಕು ಗಂಟೆ ಒಂದೇ ಅಳತೆಯ ನಾಲ್ಕು ಗಂಟೆಯಲ್ಲ. ಮೂರು ದಿನಗಳ ಪರೀಕ್ಷೆ ಈ ಅಂತರವನ್ನು ಅಷ್ಟಿಷ್ಟು ತಗ್ಗಿಸುತ್ತದೆ. ಆದರೆ ಹಳೆಯ ಉತ್ತರಗಳು ಯಾರ ಕೈಗೆ ಸಿಗುತ್ತವೆ, ಯಾರಿಗೆ ಸಿಗುವುದಿಲ್ಲ ಎಂಬಲ್ಲಿ ಅದೇ ಅಂತರ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಪರೀಕ್ಷೆಯ ನಿಯಮಗಳಲ್ಲಿ ಎಲ್ಲೂ ಕಾಣದ ಇನ್ನೊಂದು ಸಂಗತಿಯಿದೆ. ‘ಗೊತ್ತಿಲ್ಲ’ ಎನ್ನುವ ಅವಕಾಶ. ಇಮಾಮ್ ಮಾಲಿಕ್(ರ) ಅವರ ಬಳಿಗೆ ದೂರದ ಊರಿನಿಂದ ಒಬ್ಬಾತ ನಲವತ್ತರಷ್ಟು ಪ್ರಶ್ನೆಗಳನ್ನು ಹೊತ್ತು ಬಂದನಂತೆ. ಹೆಚ್ಚಿನವುಗಳಿಗೆ ಅವರು ಕೊಟ್ಟ ಉತ್ತರ, ನನಗೆ ಗೊತ್ತಿಲ್ಲ. ಇಮಾಮ್ ಬುಖಾರಿ(ರ) ಅವರನ್ನು ಬಗ್ದಾದಿನ ವಿದ್ವಾಂಸರು ಪರೀಕ್ಷಿಸಿದ ಕತೆಯೂ ಪ್ರಸಿದ್ಧ. ಹತ್ತು ಮಂದಿ ತಲಾ ಹತ್ತು ಹದೀಸ್‌ಗಳ ವರದಿಗಾರರ ಸರಣಿಯನ್ನು ಅದಲು ಬದಲು ಮಾಡಿ ಮುಂದಿಟ್ಟರು. ಅವರು ನೂರಕ್ಕೂ ಹೀಗೆ ನಾನು ತಿಳಿದಿಲ್ಲ ಎಂದರು. ತಿಳಿಯದವರು ಇವರಿಗೆ ಏನೂ ಗೊತ್ತಿಲ್ಲವೆಂದುಕೊಂಡರು. ಬಳಿಕ ಅವರು ಒಂದೊಂದನ್ನೇ ಎತ್ತಿ ಸರಿಯಾದ ಸರಣಿಯನ್ನು ಜೋಡಿಸಿ ಹೇಳಿದರು. ನಮ್ಮ ಪರೀಕ್ಷೆಗಳಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಸೊನ್ನೆ. ಊಹಿಸಿ ತುಂಬಿಸಿದ ಪುಟಕ್ಕೆ ಒಂದೆರಡು ಅಂಕ. ಹೀಗೆ ಬೆಳೆದವನು ಮುಂದೆ ತರಗತಿಯಲ್ಲಿ ನಿಂತಾಗಲೂ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದೇ ಹೇಳುತ್ತಾನೆ. ಲಿಖಿತ ಪರೀಕ್ಷೆಯ ಬಳಿಕ ಅನೇಕ ಕಡೆ ಒಂದು ಮೌಖಿಕ ಪರೀಕ್ಷೆ ಇರುತ್ತದೆ. ಅಲ್ಲಾದರೂ ‘ಇಷ್ಟು ಗೊತ್ತು, ಇದರಾಚೆ ನನಗೆ ಗೊತ್ತಿಲ್ಲ, ತಿಳಿಯುವ ದಾರಿ ಇದು’ ಎನ್ನುವವನಿಗೆ ಪರೀಕ್ಷಕರು ಗೌರವ ಕೊಡಬೇಕು.

ಎರಡು ದಿನಗಳ ಬಳಿಕ ತಂಗಿಯ ಮಗಳಿಗೆ ಫೋನ್ ಮಾಡಿದೆವು. ಓದಬಹುದೇ ಎಂದು ನಮ್ಮನ್ನು ಕೇಳಿದ ಪ್ರಶ್ನೆಯನ್ನು ನಿನ್ನ ಮಾರ್ಗದರ್ಶಕರಿಗೇ ಬರೆದು ಕೇಳು ಎಂದೆವು. ಓದಬಹುದೆಂದಾದರೆ ಅವು ಎಲ್ಲರಿಗೂ ಸಿಗಲಿ. ಬಾರದೆಂದಾದರೆ ಯಾರಿಗೂ ಬೇಡ. ಕೇಳಲು ನಾಚಿಕೆಯಾಗುವ ನೆರವನ್ನು ಪಡೆಯದಿರುವುದು ಒಳ್ಳೆಯದು ಎಂದೂ ಸೇರಿಸಿದೆವು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಮಾಮ, ಕೇಳಿದರೆ ಕೊಟ್ಟವರು ಯಾರೆಂದು ಅವರು ಕೇಳುತ್ತಾರೆ. ನನಗೆ ಸಹಾಯ ಮಾಡಲು ಬಂದವರನ್ನು ನಾನು ಸಿಕ್ಕಿಸಿಹಾಕಿದಂತೆ ಆಗುವುದಿಲ್ಲವಾ?”

ಅದು ನಮಗೆ ಹೊಳೆದಿರಲಿಲ್ಲ. ಮಂಗಳೂರಿನಲ್ಲಿ ಕುಳಿತು ಸಲಹೆ ಕೊಡುವವರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಉತ್ತರಗಳನ್ನು ಓದದೆ ಕೊಟ್ಟವರಿಗೇ ಹಿಂದಿರುಗಿಸಿದಳು. ಬಳಿಕ ಅದೇ ವರ್ಷ ಬರೆಯಲಿರುವ ಮೂವರು ಸಹಪಾಠಿಗಳೊಂದಿಗೆ ಸೇರಿ, ಯಾರ ಹೆಸರನ್ನೂ ಎತ್ತದೆ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಮತ್ತು ಉತ್ತರಗಳ ಬಗ್ಗೆ ನಿಯಮವೇನು ಎಂದು ವಿಭಾಗಕ್ಕೆ ಪತ್ರ ಬರೆದಳು. ಪ್ರಶ್ನೆಪತ್ರಿಕೆಗಳನ್ನು ಎಲ್ಲರಿಗೂ ಕಾಣುವಂತೆ ಇಡುತ್ತೇವೆ, ಉತ್ತರಗಳ ಬಗ್ಗೆ ಮುಂದಿನ ಸಭೆಯಲ್ಲಿ ಚರ್ಚಿಸುತ್ತೇವೆ ಎಂದು ಉತ್ತರ ಬಂತು. ಆ ಚರ್ಚೆ ಮುಗಿಯುವ ಮೊದಲೇ ಅವಳು ಪರೀಕ್ಷೆ ಬರೆದಳು.

ಪಾಸಾದಳೇ ಎಂದು ಓದುಗರು ಕೇಳಬಹುದು. ಒಂದು ಭಾಗದಲ್ಲಿ ಸೋತು, ಆರು ತಿಂಗಳ ಬಳಿಕ ಅದನ್ನು ಮತ್ತೆ ಬರೆದು ದಾಟಿದಳು. ಮೊದಲ ಸಲ ಸೋತಾಗ ಕಾರಣವನ್ನು ಬರೆದು ಕೊಡಿ ಎಂದು ಅವಳು ಕೇಳಿದ್ದಳಂತೆ. ಅವರು ಒಂದು ಪುಟ ಬರೆದು ಕೊಟ್ಟರು. ಅವಳ ನಂತರ ಸೋತ ಇನ್ನೊಬ್ಬ ವಿದ್ಯಾರ್ಥಿಗೆ ಆ ಪುಟ ಕೇಳದೆಯೇ ಬಂತು.